ಚಿಕ್ಕಮಗಳೂರಿಂದ ಹಾಸನಕ್ಕೆ, ಮೂರನೇ ಸೆಮ್‌ಗೆ ಕಾಲೇಜು ಬದಲಾಯಿಸಿದವರು ಹೇಳಿ

ಹಾಸನದವಳು: ಚಿಕ್ಕಮಗಳೂರಲ್ಲಿ ಬಿಎಸ್ಸಿ, ಕುವೆಂಪು ವಿ.ವಿ. ಎರಡನೇ ಸೆಮ್ ಪರೀಕ್ಷೆ ಮುಗೀತು. ಅಪ್ಪನಿಗೆ ಪಾರ್ಶ್ವವಾಯು ಆಗಿದೆ, ಮನೇಲಿ ಅಮ್ಮ ಒಬ್ಬರೇ. ಹಾಸನ ವಿ.ವಿ.ಯ ಕಾಲೇಜಿಗೆ ಬಂದುಬಿಡಲಾ? ಅಕ್ಕ, ಅಣ್ಣಂದಿರು ಅನುಭವ ಹೇಳಿ.

ಬೇಲೂರಿನವಳು: ನಾನು 2023ರಲ್ಲಿ ಬಂದೆ, ಹಾಸನ ವಿ.ವಿ. ಮೈಸೂರಿಂದ ಬೇರೆಯಾದ ವರ್ಷ. ಸೇರೋ ಕಾಲೇಜಿನ ಒಪ್ಪಿಗೆ ಪತ್ರ, ಆಮೇಲೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಟಿಸಿ (ಕಾಲೇಜು ಬಿಟ್ಟ ವರ್ಗಾವಣೆ ಪತ್ರ), ಬೇರೆ ವಿ.ವಿ.ಗೆ ಹೋಗೋಕೆ ಮೈಗ್ರೇಷನ್ ಸರ್ಟಿಫಿಕೇಟ್. ಕುವೆಂಪು ವಿ.ವಿ. ಇರೋ ಶಂಕರಘಟ್ಟಕ್ಕೆ ಎರಡು ಸಲ ಹೋದೆ. ಮೊದಲ ಸಲ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಮನೇಲೇ ಬಿಟ್ಟಿದ್ದೆ. ಫೀಸು, ಚಲನ್, ಜೆರಾಕ್ಸ್, ಊಟ ಎಲ್ಲಾ ಸೇರಿ 9,340 ರೂಪಾಯಿ, ಡೈರಿಯ ಕೊನೆ ಪುಟದಲ್ಲಿ ಇನ್ನೂ ಇದೆ. ಕಟ್ಟಿದ್ದ ಹಾಸ್ಟೆಲ್ ದುಡ್ಡಲ್ಲಿ ಒಂದು ಪೈಸೆ ವಾಪಸ್ ಬರಲಿಲ್ಲ. ಅದಕ್ಕಿಂತ ಹೊಟ್ಟೆ ಉರಿದದ್ದು ಓಪನ್ ಎಲೆಕ್ಟಿವ್‌ಗೆ, ಅಂದ್ರೆ ಮುಖ್ಯ ವಿಷಯದ ಹೊರಗೆ ನಾವೇ ಆರಿಸ್ಕೊಳ್ಳೋ ಪೇಪರಿಗೆ. ಪಾಸಾಗಿದ್ದ ಎರಡು ಪೇಪರ್ ಹೊಂದಲ್ಲ ಅಂದ್ರು. ಐದನೇ ಸೆಮ್‌ನಲ್ಲಿ ಮೊದಲ ವರ್ಷದ ಮಕ್ಕಳ ಜೊತೆ ಕೂತು ಬರೆದೆ.

ಆರು ಗಂಟೆ ಬಸ್ಸು: ಅದೆಲ್ಲ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಕಾಲದ್ದು. 2024-25ರಿಂದ ರಾಜ್ಯದಲ್ಲಿ ಅದನ್ನ ಕೈಬಿಟ್ಟು ಮೂರು ವರ್ಷದ ಡಿಗ್ರಿಗೇ ವಾಪಸ್ ಬಂದಿದಾರೆ. ಸುಮ್ನೆ ಹೆದರಿಸಬೇಡಿ. ಆದ್ರೂ ನಾನು ಬದಲಾಯಿಸಿ ಅನ್ನಲ್ಲ. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ದಿನಾ ಓಡಾಡಿಯೇ ಓದಿದೆ, ಹೋಗಿ ಬರೋಕೆ ಹತ್ತಿರ ಹತ್ತಿರ 120 ಕಿಲೋಮೀಟರ್. ಮಳೆಗಾಲದಲ್ಲಿ ಲ್ಯಾಬ್ ರೆಕಾರ್ಡು ನೆನೀಬಾರ್ದು ಅಂತ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಲ್ಲಿ ಸುತ್ತಿ ಅಂಗಿ ಒಳಗೆ ಇಟ್ಕೊಳ್ತಿದ್ದೆ. ಒಂದು ಪೇಪರೂ ಬಾಕಿ ಉಳಿಸಲಿಲ್ಲ.

ಬೇಲೂರಿನವಳು: ಹೆದರಿಸ್ತಿಲ್ಲ ರೀ, ಆಗಿದ್ದನ್ನ ಹೇಳ್ತಿದೀನಿ. ನೀತಿ ಬದಲಾದ ಮಾತ್ರಕ್ಕೆ ಎರಡು ವಿ.ವಿ. ಸಿಲಬಸ್ ಒಂದೇ ಆಗ್ಬಿಡುತ್ತಾ? ದಿನಾ ನಾಲ್ಕು ತಾಸು ಬಸ್ಸಲ್ಲೇ ಕಳೆದ್ರೆ ಮನೇಲಿ ಮಲಗಿದೋರನ್ನ ನೋಡ್ಕೊಳ್ಳೋರು ಯಾರು?

ಅರಸೀಕೆರೆ: ಹುಡುಗೀರಿಗೆ ಶಕ್ತಿ ಯೋಜನೆ ಇದೆಯಲ್ಲ, ಬಸ್ಸು ಪುಕ್ಕಟೆ. ಓಡಾಡ್ಲಿ ಬಿಡಿ. ದುಡ್ಡು ಕೊಟ್ಟು ನಿಂತ್ಕೊಂಡು ಹೋಗೋರು ನಾವು.

ಬೇಲೂರಿನವಳು: ಪುಕ್ಕಟೆ ಅಂದ್ರೆ ಸೀಟು ಸಿಗುತ್ತಾ? ಬೆಳಗ್ಗೆ ಎಂಟಕ್ಕೆ ಬೇಲೂರು ಸ್ಟ್ಯಾಂಡಿಗೆ ಬಂದು ನೋಡಿ.

ಆರು ಗಂಟೆ ಬಸ್ಸು: ನಾವು ಪಾಸ್ ಮಾಡಿಸಿ ಫುಟ್‌ಬೋರ್ಡಲ್ಲೇ ನೇತಾಡ್ಕೊಂಡು ಹೋದ್ವಿ. ಕಷ್ಟ ಪಡೋಕೆ ಮನಸ್ಸಿಲ್ಲದೋರು ಕಾಲೇಜು ಬದಲಾಯಿಸ್ತಾರೆ.

ಬೇಲೂರಿನವಳು: ಮಾತು ನೋಡ್ಕೊಂಡು ಆಡಿ. ಪೇಪರಿಗೆ ಹೊಟ್ಟೆ ಉರೀತು ಅಂದೆ, ಬಂದಿದ್ದಕ್ಕಲ್ಲ. ನಾನು ಬಂದ ಹನ್ನೊಂದನೇ ತಿಂಗಳಿಗೆ ಅಮ್ಮ ಹೋದ್ರು.

ತಂಗಿ, ನಿನ್ನ ಕಾಂಬಿನೇಷನ್, ಅಂದ್ರೆ ಮುಖ್ಯ ವಿಷಯಗಳು ಯಾವುದು ಹೇಳು. ಎರಡೂ ಕಡೆ ಸಿಲಬಸ್ ಪಕ್ಕಪಕ್ಕ ಇಟ್ಟು ಒಂದೊಂದೇ ಪೇಪರ್ ನೋಡೋಣ. ಹೊಂದುತ್ತೆ ಅಂತ ಬರಹದಲ್ಲಿ ಕೈಗೆ ಬರೋವರೆಗೂ ಟಿಸಿ ಕೇಳಬೇಡ.