ಸಣ್ಣ ಸಣ್ಣದಕ್ಕೂ ಎದೆ ಡವಡವ: ನೀವೆಲ್ಲ ಹೇಗೆ ನಿಭಾಯಿಸುತ್ತಿದ್ದೀರಿ?

ಎರಡು ವರ್ಷದಿಂದ ಹೀಗೇ ಆಗುತ್ತಿದೆ. ಫೋನ್ ರಿಂಗಾದರೆ ಸಾಕು, ಕೆಟ್ಟ ಸುದ್ದಿಯೇ ಇರಬೇಕು ಅನ್ನಿಸಿ ಹೊಟ್ಟೆಯೊಳಗೆ ತಳಮಳ ಶುರು. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸ್ ಬಂದದ್ದು ಎಷ್ಟು ಸಲವೋ. ಮೀಟಿಂಗ್ ಇದ್ದ ದಿನ ಬೆಳಗಿನ ಜಾವ 4 ಗಂಟೆಗೇ ಎಚ್ಚರ, ಅಂಗೈಯೆಲ್ಲ ಬೆವರು. ಮನೆಯವರು ‘ಸುಮ್ನೆ ಏನೇನೋ ಯೋಚನೆ ಮಾಡಬೇಡ’ ಅನ್ನುತ್ತಾರೆ. ಮಾಡದೇ ಇರುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಇದನ್ನು ಅನುಭವಿಸಿದವರು ದಿನಾ ನಿಜಕ್ಕೂ ಏನು ಮಾಡುತ್ತೀರಿ, ಹೇಳ್ತೀರಾ?

*

ನೀವು ಬರೆದದ್ದು ಓದಿದರೆ ನನ್ನದೇ ಹಳೇ ಡೈರಿ ಓದಿದ ಹಾಗಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನನಗೆ ಈ ಗಾಬರಿ ಮೊದಲ ಸಲ ಬಂದದ್ದು ಬಸ್ಸಿನಲ್ಲಿ, 8 ವರ್ಷದ ಹಿಂದೆ. ಎದೆ ಹೊಡೆದುಕೊಳ್ಳತೊಡಗಿತು, ಬೆರಳ ತುದಿ ಜುಮ್ಮೆಂದಿತು, ತಲೆ ಸುತ್ತಿದ ಹಾಗಾಯಿತು. ಹಾರ್ಟ್ ಅಟ್ಯಾಕೇ ಅಂದುಕೊಂಡೆ. ಇಳಿದವನು ನೇರ ಆಸ್ಪತ್ರೆಗೆ ಹೋದೆ. ಇಸಿಜಿ ಸರಿಯಿತ್ತು, ರಕ್ತ ಪರೀಕ್ಷೆಯೂ ಸರಿಯಿತ್ತು. ಅಲ್ಲಿನ ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ಬಿಡಿಸಿ ಹೇಳಿದರು. ಅಪಾಯ ಬಂತು ಅಂತ ಮೆದುಳಿಗೆ ಅನ್ನಿಸಿದರೆ ಅಡ್ರಿನಲಿನ್ ಹರಿಯುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಮೈ ತಯಾರಾಗುತ್ತದೆ, ಅದಕ್ಕೇ ಎದೆಬಡಿತ ಮತ್ತು ಉಸಿರು ಎರಡೂ ಜೋರಾಗುತ್ತವೆ. ಆದರೆ ನಾವು ಓಡುವುದಿಲ್ಲ, ಕೂತೇ ಇರುತ್ತೇವೆ. ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಸುತ್ತುವುದು ಅದರಿಂದ. ಅದನ್ನು ಕಂಡು ಇನ್ನೂ ಹೆದರುತ್ತೇವೆ, ಉಸಿರು ಇನ್ನೂ ಜೋರಾಗುತ್ತದೆ. ಸಾಮಾನ್ಯವಾಗಿ 10 ನಿಮಿಷದೊಳಗೆ ಇದು ತುದಿ ಮುಟ್ಟುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ.

(ಎದೆನೋವು ಮೊದಲ ಸಲ ಬಂದವರು ‘ಟೆನ್ಷನ್ ಇರಬೇಕು ಬಿಡು’ ಅಂತ ಮನೆಯಲ್ಲಿ ಕೂರಬೇಡಿ. ಮೊದಲು ತೋರಿಸಿಕೊಂಡು ಬನ್ನಿ.)

ಇಷ್ಟೆಲ್ಲ ಗೊತ್ತಾದರೂ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಬಸ್ ಹತ್ತುವುದನ್ನೇ ಬಿಟ್ಟೆ. ಬಿಟ್ಟ ದಿನ ಎಷ್ಟು ಹಾಯೆನಿಸಿತು ಗೊತ್ತಾ? ಆ ಹಾಯೇ ನನಗೆ ಮುಳುವಾಯಿತು. ‘ಬಸ್ ಹತ್ತಲಿಲ್ಲ, ಅದಕ್ಕೇ ಬಚಾವಾದೆ’ ಅಂತ ಮನಸ್ಸು ಪಾಠ ಕಲಿತುಬಿಟ್ಟಿತು. ಮೂರು ತಿಂಗಳಲ್ಲಿ ಲಿಫ್ಟ್ ಬಿಟ್ಟೆ. ಆಮೇಲೆ ಜನ ಸೇರುವ ಕಡೆ ಹೋಗುವುದನ್ನು ಬಿಟ್ಟೆ. ಕೊನೆಗೆ ಮನೆ, ಆಫೀಸು ಎರಡೇ ಉಳಿದವು. ಅಷ್ಟು ಬಿಟ್ಟರೂ ಭಯ ಮಾತ್ರ ಇದ್ದಷ್ಟೇ ಇತ್ತು.

ಕೌನ್ಸೆಲರ್ ಹತ್ತಿರ ಹೋದಮೇಲೆ ಅವರು ಒಂದೊಂದೇ ಮೆಟ್ಟಿಲು ಹತ್ತಿಸಿದರು. ಮೊದಲ ವಾರ ಬಸ್ ಸ್ಟಾಪಿನಲ್ಲಿ ನಿಂತು ವಾಪಸ್ ಬರುವುದು, ಅಷ್ಟೇ. ಎರಡನೇ ವಾರ ಒಂದು ಸ್ಟಾಪ್. ಆಮೇಲೆ ಐದು. ಷರತ್ತು ಒಂದೇ: ಹೆದರಿಕೆ ತುದಿಯಲ್ಲಿ ಇರುವಾಗ ಇಳಿಯುವಂತಿಲ್ಲ. ಆ ಐದು ಸ್ಟಾಪಿನ ದಿನ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದೆ. ಕಂಬಿಗೆ ಬಣ್ಣ ಹೋದ ಜಾಗ ಬೆರಳಿಗೆ ತಣ್ಣಗೆ ತಾಗುತ್ತಿತ್ತು. ವಾಚ್ ನೋಡುತ್ತಲೇ ಇದ್ದೆ. ಏಳನೇ ನಿಮಿಷಕ್ಕೆ ಇನ್ನು ನನ್ನ ಕೈಲಾಗದು ಅನ್ನಿಸಿತು. ಎದ್ದು ನಿಂತೆ. ಮತ್ತೆ ಕೂತೆ. ಹದಿಮೂರನೇ ನಿಮಿಷವೋ ಏನೋ, ಪಕ್ಕದ ಸೀಟಿನ ಮಗುವಿನ ಶೂ ಲೇಸ್ ಬಿಚ್ಚಿಹೋಗಿದ್ದು ಕಣ್ಣಿಗೆ ಬಿತ್ತು. ಅವರಮ್ಮನಿಗೆ ಹೇಳಿದೆ, ಅವರು ಬಗ್ಗಿ ಕಟ್ಟಿದರು. ಅಷ್ಟು ಹೊತ್ತು ನನಗೆ ನನ್ನ ಎದೆ ಬಿಟ್ಟು ಬೇರೇನೂ ಕಂಡಿರಲಿಲ್ಲ. ಭಯ ಯಾವಾಗ ಇಳಿಯಿತೋ ಗೊತ್ತೇ ಆಗಿರಲಿಲ್ಲ.

ಉಸಿರಾಟದ ಅಭ್ಯಾಸ ಎಲ್ಲರೂ ಹೇಳುತ್ತಾರೆ. ನಾನೂ ಮಾಡುತ್ತೇನೆ: 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದ. ಆರಾಮಾಗಿ ಇರುವಾಗಲೇ ರೂಢಿ ಮಾಡಿಕೊಳ್ಳಿ, ಗಾಬರಿಯಲ್ಲಿ ಹೊಸದಾಗಿ ಕಲಿಯಲು ಆಗುವುದಿಲ್ಲ. ಮತ್ತೆ, ಅದನ್ನು ಭಯ ಓಡಿಸುವ ಕೋಲು ಮಾಡಿಕೊಳ್ಳಬೇಡಿ. ನಾನು ಹಾಗೆ ಮಾಡಿ, ಪ್ರತಿ ಉಸಿರಿಗೂ ‘ಹೋಯ್ತಾ, ಹೋಯ್ತಾ’ ಅಂತ ನೋಡಿ ನೋಡಿ ಇನ್ನಷ್ಟು ಹೆಚ್ಚಿಸಿಕೊಂಡಿದ್ದೆ. ಈಗ ಭಯ ಬಂದರೆ ‘ಬಂದೆಯಾ, ಇರು, ನನಗೆ ಕೆಲಸ ಇದೆ’ ಅಂದುಕೊಂಡು ಕೆಲಸ ಮುಂದುವರಿಸುತ್ತೇನೆ. ಈಗಲೂ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬಸ್ಸಿನಲ್ಲೇ ಓಡಾಡುತ್ತೇನೆ.

*

ಬೀಗದ ವಿಷಯ ನಾನು ಹೇಳುತ್ತೇನೆ, ಅದರಲ್ಲಿ ನಾನು ತುಂಬಾ ಒದ್ದಾಡಿದ್ದೇನೆ.

ಬೀಗ ಎಳೆದು ನೋಡುವುದು ಸಾಲದು ಅಂತ ಫೋಟೋ ತೆಗೆಯಲು ಶುರು ಮಾಡಿದೆ. ಒಳ್ಳೇ ಉಪಾಯ ಅನ್ನಿಸಿತ್ತು. ಎರಡು ವಾರದಲ್ಲಿ ಆ ಫೋಟೋವನ್ನೇ ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೆ. ಇದು ಇವತ್ತಿನದಾ, ನಿನ್ನೆಯದಾ ಅಂತ ಹೊಸ ಅನುಮಾನ ಬೇರೆ! ಥೆರಪಿಸ್ಟ್ ಹೇಳಿದ ಮೇಲೆ ಅರ್ಥವಾಯಿತು. ಒಂದೇ ಕೆಲಸವನ್ನು ಮತ್ತೆ ಮತ್ತೆ ಪರೀಕ್ಷಿಸಿದಷ್ಟೂ ಅದರ ನೆನಪು ಮಸುಕಾಗುತ್ತದೆ, ನೆನಪಿನ ಮೇಲಿನ ನಂಬಿಕೆಯೂ ಕುಗ್ಗುತ್ತದೆ. ಇದನ್ನು ಸಂಶೋಧಕರು ಪ್ರಯೋಗ ಮಾಡಿಯೇ ನೋಡಿದ್ದಾರೆ. ಅಂದರೆ ನಾನು ನೋಡಿದಷ್ಟೂ ಅನುಮಾನ ಜಾಸ್ತಿ ಆಗುವುದು ನನ್ನ ಹುಚ್ಚಲ್ಲ, ಅದು ಆಗುವುದೇ ಹಾಗೆ.

ಈಗ ಒಂದೇ ಸಲ. ಬೀಗ ತಿರುಗಿಸುವಾಗ ‘ಹಾಕಿದೆ’ ಅಂತ ಬಾಯಿಬಿಟ್ಟು ಹೇಳುತ್ತೇನೆ, ಕೀ ಜೇಬಿಗೆ, ಹೊರಟೆ. ಅನುಮಾನ ಬಂದರೆ ಬರಲಿ. ಅದಕ್ಕೆ ಉತ್ತರ ಕೊಡಲು ಹೋಗುವುದಿಲ್ಲ. ಮೊದಲ ವಾರ ಜೀವ ಹೋದ ಹಾಗೆ ಆಗುತ್ತದೆ, ತಡೆದುಕೊಳ್ಳಿ. ಮನೆಯವರನ್ನು ‘ನಾನು ಹಾಕಿದೆ ಅಲ್ವಾ?’ ಅಂತ ಕೇಳುವುದೂ ಪರೀಕ್ಷೆ ಮಾಡಿದ ಲೆಕ್ಕವೇ. ಇಂಥದ್ದಕ್ಕೆಲ್ಲ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಹೋಗುತ್ತಿದ್ದರೆ ಅದು ಒಸಿಡಿ (ಬೇಡವೆಂದರೂ ಅದೇ ಯೋಚನೆ, ಅದೇ ಕೆಲಸ ಮತ್ತೆ ಮತ್ತೆ ಕಾಡುವ ಕಾಯಿಲೆ) ಇರಬಹುದು. ಅದರ ಚಿಕಿತ್ಸೆ ಸ್ವಲ್ಪ ಬೇರೆ, ಹಾಗಾಗಿ ಡಾಕ್ಟರ್ ಹತ್ತಿರ ಇದನ್ನು ಮುಚ್ಚಿಡಬೇಡಿ.

*

‘ಯೋಚನೆ ಮಾಡಬೇಡ’ ಅನ್ನುವ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಜನ ಗಂಟೆ ಬಾರಿಸುತ್ತಲೇ ಇದ್ದರು. ನಿಮ್ಮ ಮನೆಯವರಿಗೆ ಇದನ್ನು ಹೇಳಿ, ಕೋಪದಿಂದಲ್ಲ, ಸಮಾಧಾನವಾಗಿ.

ನಾನು ಮಾಡುವುದು ಚಿಂತೆಗೆ ಒಂದು ಹೊತ್ತು ಗೊತ್ತು ಮಾಡುವುದು. ಸಂಜೆ 6ರಿಂದ 6.20. ಹಗಲಲ್ಲಿ ಏನೇ ಬಂದರೂ ಚೀಟಿಯಲ್ಲಿ ಎರಡು ಪದ ಬರೆದು ಸಂಜೆಗೆ ಅಂತ ಇಡುತ್ತೇನೆ. ಸಂಜೆ ಕೂತು ಒಂದೊಂದನ್ನೇ ನೋಡಿದರೆ, ಅರ್ಧಕ್ಕರ್ಧ ಆಗಲೇ ಹಳಸಿರುತ್ತವೆ. ಉಳಿದವುಗಳಲ್ಲಿ ನಾನು ಏನಾದರೂ ಮಾಡಬಹುದಾದ್ದು ಇದ್ದರೆ ನಾಳೆಗೆ ಒಂದು ಕೆಲಸ ಬರೆದುಕೊಳ್ಳುತ್ತೇನೆ. ಹಾಸಿಗೆಯಲ್ಲಿ ಮಾತ್ರ ಈ ಲೆಕ್ಕ ಬೇಡ.

*

ನನ್ನದು ಚಿಕ್ಕದು. ಕೈ ನಡುಕ, ಎದೆಬಡಿತ, ನಿದ್ದೆ ಇಲ್ಲ, ತೂಕ ಬೇರೆ ಇಳಿಯುತ್ತಿತ್ತು. ಆರು ತಿಂಗಳು ಎಲ್ಲರೂ ಟೆನ್ಷನ್ ಅಂದರು. ಕೊನೆಗೆ ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಜಾಸ್ತಿ ಇದ್ದದ್ದು ಗೊತ್ತಾಯಿತು. ದಯವಿಟ್ಟು ಒಮ್ಮೆ ಮಾಡಿಸಿ. ಕಾಫಿ ಎಷ್ಟು ಕುಡಿಯುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಕೆಫೀನ್ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಕುಡಿದದ್ದು ರಾತ್ರಿ ಮಲಗುವಾಗಲೂ ಮೈಯಲ್ಲಿ ಇರುತ್ತದೆ.

*

ನನ್ನ ತಂಗಿಗೆ ಇದು ಇತ್ತು, ಹಾಗಾಗಿ ಪಕ್ಕದಲ್ಲಿ ಕೂತವಳ ಮಾತು ಹೇಳುತ್ತೇನೆ. ನಾನೂ ಮೊದಮೊದಲು ‘ಧೈರ್ಯ ತಂದುಕೋ’ ಅನ್ನುತ್ತಿದ್ದೆ. ಆಮೇಲೊಂದು ದಿನ ಅವಳೇ ಹೇಳಿದಳು: ‘ಅಕ್ಕಾ, ಧೈರ್ಯ ಇಲ್ಲದೆ ದಿನಾ ಕಾಲೇಜಿಗೆ ಹೋಗ್ತಿದೀನಾ?’ ಆ ಮಾತಿಗೆ ನನ್ನ ಬಾಯಿ ಕಟ್ಟಿತು. ಅವತ್ತಿನಿಂದ ಉಪದೇಶ ಬಿಟ್ಟೆ. ಗಾಬರಿ ಬಂದಾಗ ಪಕ್ಕ ಕೂರುತ್ತಿದ್ದೆ, ‘ನಾನಿಲ್ಲೇ ಇದ್ದೀನಿ, ಇದು ಇಳಿಯುತ್ತೆ’ ಅನ್ನುತ್ತಿದ್ದೆ, ಅಷ್ಟೇ.

ಅವಳಿಗೆ ಥೆರಪಿ ಜೊತೆ ಮಾತ್ರೆಯೂ ಬೇಕಾಯಿತು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮನೋವೈದ್ಯರು ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ (ಆತಂಕ, ಖಿನ್ನತೆಗೆ ಕೊಡುವಂಥದ್ದು) ಕೊಟ್ಟರು. ಅದು ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ತಳಮಳ ತುಸು ಹೆಚ್ಚಲೂಬಹುದು. ನಮಗೆ ಅದು ಮೊದಲೇ ಗೊತ್ತಿದ್ದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಮೂರನೇ ದಿನಕ್ಕೇ ಬಿಟ್ಟುಬಿಡುತ್ತಿದ್ದಳು. ಚೆನ್ನಾಗಾಯಿತು ಅಂತ ತಾವೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ತಕ್ಷಣ ಶಾಂತ ಮಾಡುವ ಇನ್ನೊಂದು ಜಾತಿಯ ಮಾತ್ರೆಗಳಿವೆ, ಅವು ಅಭ್ಯಾಸವಾಗಿಬಿಡುತ್ತವೆ. ಯಾರೋ ತಗೊಂಡರು ಅಂತ ನೀವು ತಗೊಳ್ಳಬೇಡಿ. ಬದುಕೇ ಸಾಕು ಅನ್ನುವ ಯೋಚನೆ ಬರುತ್ತಿದ್ದರೆ ನಾಳೆಗೆ ಕಾಯಬೇಡಿ, ಅವತ್ತೇ ಒಬ್ಬರಿಗೆ ಹೇಳಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

*

ಪ್ರಶ್ನೆ ಕೇಳಿದ್ದು ನಾನೇ. ಎಲ್ಲ ಎರಡೆರಡು ಸಲ ಓದಿದೆ. ಇಷ್ಟು ಜನ ಕೂತು ಬರೆದಿದ್ದೀರಲ್ಲ, ಮನಸ್ಸು ತುಂಬಿ ಬಂತು. ಇವತ್ತು ಬೀಗ ಹಾಕಿ ‘ಹಾಕಿದೆ’ ಅಂದೆ. ಗೇಟಿನ ಹತ್ತಿರ ಕಾಲು ನಿಂತಿತು. ಒಂದು ನಿಮಿಷ ನಿಂತೇ ಇದ್ದೆ, ಆಮೇಲೆ ಹೊರಟೆ. ಆಫೀಸಿನವರೆಗೂ ಮನಸ್ಸು ಕೊರೆಯುತ್ತಲೇ ಇತ್ತು, ಆದರೆ ವಾಪಸ್ ಹೋಗಲಿಲ್ಲ. ಥೈರಾಯ್ಡ್ ಪರೀಕ್ಷೆಗೆ ನಾಳೆ ಹೋಗುತ್ತೇನೆ. ಗುರುವಾರ ಮೀಟಿಂಗ್ ಇದೆ. ಮಾತಾಡುವಾಗ ದನಿ ನಡುಗುತ್ತದಲ್ಲ, ಅದಕ್ಕೇನು ಮಾಡಲಿ?

*

ಬಸ್ಸಿನ ವಿಷಯ ಬರೆದವನು ನಾನು. ನಡುಗಲಿ ಬಿಡಿ. ಮೊದಲ ಎರಡು ವಾಕ್ಯ ಕಾಗದದಲ್ಲಿ ಬರೆದಿಟ್ಟುಕೊಂಡು ನೋಡಿಕೊಂಡೇ ಓದಿ. ಆಮೇಲೆ ನಿಮ್ಮ ಗಮನ ದನಿಯ ಮೇಲಿಂದ ವಿಷಯದ ಮೇಲೆ ಹೋಗುತ್ತದೆ. ನನಗೆ ಮೂರನೇ ವಾಕ್ಯಕ್ಕೆ ನಡುಕ ಹೋಗುತ್ತಿತ್ತು, ಕೆಲವು ಸಲ ಹತ್ತನೆಯದಕ್ಕೆ. ಗುರುವಾರ ಸಂಜೆ ಹೇಗಾಯಿತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.