ಚಳಿಗೆ ಕಾವು ಕೂತ ಹೇಟೆ: ಒಳಗೆ ತರೋದಾ, ಇದ್ದಲ್ಲೇ ಬಿಡೋದಾ?

ಮೂಡಿಗೆರೆ_ತೋಟದಮನೆ:
ನಮ್ಮದು ಮೂಡಿಗೆರೆ ಹತ್ತಿರ. ಮನೆ ಖರ್ಚಿಗೆ ಅಂತ ಹತ್ತು ಹನ್ನೆರಡು ನಾಟಿ ಕೋಳಿ ಇವೆ, ಫಾರಂ ಏನಲ್ಲ. ಅದರಲ್ಲಿ ಕಪ್ಪು ಹೇಟೆ ಒಂದು ಸೌದೆ ಕೊಟ್ಟಿಗೆ ಮೂಲೆಯಲ್ಲಿ ಕಾವಿಗೆ ಕೂತು ಇವತ್ತಿಗೆ 9 ದಿನ ಆಯ್ತು. 11 ಮೊಟ್ಟೆ ಇಟ್ಟಿದ್ದೇನೆ. 8 ನಮ್ಮವು, ಸಾಲಲಿಲ್ಲ ಅಂತ 3 ಅಂಗಡಿಯಿಂದ ನಾಟಿ ಮೊಟ್ಟೆ ಅಂತ ಕೇಳಿ ತಂದದ್ದು. ಈಗ ಚಳಿ ಜೋರಾಗಿದೆ. ಮೊನ್ನೆ ಬೆಳಿಗ್ಗೆ ಆರಕ್ಕೆ ಕೊಟ್ಟಿಗೆಯಲ್ಲಿ 12 ಡಿಗ್ರಿ ಇತ್ತು. ಅದೇ ಹೊತ್ತಿಗೆ ಇವಳು ಎದ್ದು ಹೊರಗೆ ಹೋಗಿ ಮುಕ್ಕಾಲು ಗಂಟೆ ಬರಲೇ ಇಲ್ಲ. ಮೊಟ್ಟೆ ಮುಟ್ಟಿ ನೋಡಿದರೆ ತಣ್ಣಗೆ. ಅತ್ತೆ ಬಚ್ಚಲ ಒಲೆ ಪಕ್ಕ ತಂದಿಡು ಅಂತಾರೆ, ಮನೆಯವರು ಬಲ್ಬ್ ಹಾಕು ಅಂತಾರೆ. ಏನು ಮಾಡಲಿ? ಈ ಮೊಟ್ಟೆಗಳ ಕಥೆ ಮುಗೀತಾ?

ಅರಸೀಕೆರೆಯವ:
ಚಳಿಗಾಲದಲ್ಲಿ ಮರಿ ಮಾಡಿಸೋದೇ ಬೇಡ ಅಂತೀನಿ ನಾನು. ಕಾವು ಬಿಡಿಸಿ. ತಳಕ್ಕೆ ಜಾಲರಿ ಇರೋ ಪಂಜರಕ್ಕೆ ಹಾಕಿ, ಒಳಗೆ ಹುಲ್ಲು ಗಿಲ್ಲು ಇಡಬೇಡಿ, ನೆಲದಿಂದ ಎರಡು ಅಡಿ ಮೇಲೆ ಬೆಳಕಿರೋ ಕಡೆ ಇಡಿ. ಹೊಟ್ಟೆ ಕೆಳಗೆ ಗಾಳಿ ಆಡಿದರೆ ಮೂರ್ನಾಲ್ಕು ದಿನದಲ್ಲಿ ಕಾವು ಇಳಿಯುತ್ತೆ. ಕಾಳು ನೀರು ಮಾತ್ರ ತಪ್ಪಿಸಬೇಡಿ. ನೀರಲ್ಲಿ ಮುಳುಗಿಸೋರು, ಮೂಗಿಗೆ ಪುಕ್ಕ ಚುಚ್ಚೋರು ಇದ್ದಾರೆ, ಅದು ಹಿಂಸೆ. ಅದರಲ್ಲೂ ಈ ಚಳಿಗೆ ನೀರಲ್ಲಿ ಅದ್ದಿದರೆ ಕೋಳಿಯೇ ಹೋಗುತ್ತೆ.

ಸಕಲೇಶಪುರದ_ಅಕ್ಕ:
ಅರಸೀಕೆರೆ ಅಣ್ಣ, ಮೊಟ್ಟೆ ಇಡೋ ಮೊದಲು ಆಗಿದ್ರೆ ನೀವು ಹೇಳಿದ್ದು ಸರಿ. 9 ದಿನ ಕೂತ ಮೇಲೆ ಬಿಡಿಸೋದು ಹೇಗೆ ಮಾರಾಯ್ರೆ?

ತಂಗಿ, ಮೊದಲು ಗಾಬರಿ ಬಿಡಿ. ಮುಕ್ಕಾಲು ಗಂಟೆ ತಣ್ಣಗಾದ ಮಾತ್ರಕ್ಕೆ ಮೊಟ್ಟೆ ಸಾಯಲ್ಲ. ಹೇಟೆ ದಿನಕ್ಕೆ ಒಂದು ಸಲ ಎದ್ದು ಕಾಳು ತಿಂದು, ನೀರು ಕುಡಿದು, ದೊಡ್ಡದಾಗಿ ನಾರೋ ಹಿಕ್ಕೆ ಹಾಕಿ, ಮಣ್ಣಲ್ಲಿ ಹೊರಳಾಡಿ ಬರೋದು ಮಾಮೂಲಿ. ಇಪ್ಪತ್ತು ನಿಮಿಷದಲ್ಲಿ ಬಂದರೆ ಚೆಂದ. ನಿಮ್ಮದು ಜಾಸ್ತಿ ಹೊತ್ತು ಹೋಗ್ತಿದೆ ಅಂದರೆ ಹತ್ತಿರದಲ್ಲಿ ತಿನ್ನೋಕೆ ಸಿಕ್ತಿಲ್ಲ, ಇಲ್ಲಾಂದ್ರೆ ಮೈಯಲ್ಲಿ ಹೇನು ಆಗಿದೆ. ರಾತ್ರಿ ಟಾರ್ಚ್ ಹಿಡಿದು ರೆಕ್ಕೆ ಕೆಳಗೆ, ಹಿಂಬದಿ ಪುಕ್ಕದ ಬುಡದಲ್ಲಿ ನೋಡಿ. ಕೆಂಪು ಚುಕ್ಕೆ ಹಾಗೆ ಓಡಾಡ್ತಿದ್ರೆ ಹಳೇ ಹುಲ್ಲು ತೆಗೆದು ಸುಟ್ಟು ಹೊಸದು ಹಾಕಿ.

ಕಾವು ಕೂತ ಹೇಟೆಗೆ ಚಳಿ ಏನೂ ಅಲ್ಲ. ಎದೆ ಪುಕ್ಕ ಉದುರಿರುತ್ತೆ ನೋಡಿ, ಬರೀ ಚರ್ಮ ಮೊಟ್ಟೆಗೆ ತಾಗಿ ಕೂತಿರುತ್ತೆ, ಕೈ ಹಾಕಿದ್ರೆ ಜ್ವರ ಬಂದವರ ಮೈ ಥರ ಬಿಸಿ. ತೊಂದರೆ ಕೊಡೋದು ನೆಲದ ಶೀತ, ಬಾಗಿಲ ಸಂದಿ ಗಾಳಿ, ಮತ್ತೆ ಮೊಟ್ಟೆ ಲೆಕ್ಕ. ನಾನು ಮಾರ್ಗಶಿರ ಪುಷ್ಯದಲ್ಲಿ ಎಂಟರ ಮೇಲೆ ಇಡೋದೇ ಇಲ್ಲ. ಹನ್ನೊಂದು ಇಟ್ಟರೆ ಅಂಚಿನ ಎರಡು ಮೂರು ಹೊಟ್ಟೆ ಕೆಳಗಿಂದ ಆಚೆ ಉಳಿಯುತ್ತೆ. ಅದು ಕೊಕ್ಕಿಂದ ತಿರುಗಿಸ್ತಾ ಇರೋದರಿಂದ ಇವತ್ತು ಅಂಚಿಗಿದ್ದದ್ದು ನಾಳೆ ಮಧ್ಯಕ್ಕೆ, ಹಂಗಾಗಿ ಒಂದೊಂದಾಗಿ ಎಲ್ಲಕ್ಕೂ ಪೆಟ್ಟು.

ಮಂಕರಿ ತಳಕ್ಕೆ ಗೋಣಿಚೀಲ ಎರಡು ಮಡಿಕೆ, ಮೇಲೆ ಒಣ ಬೂದಿ, ಅದರ ಮೇಲೆ ಭತ್ತದ ಹುಲ್ಲು ಬಟ್ಟಲ ಥರ ಗುಂಡಿ ಮಾಡಿ. ಮಂಕರಿನ ನೆಲಕ್ಕೆ ಇಡದೆ ಹಲಗೆ ಮೇಲಿಡಿ. ಬದಲಾಯಿಸೋದಾದ್ರೆ ಕತ್ತಲಾದ ಮೇಲೆ, ಹಗಲು ಮುಟ್ಟಿದ್ರೆ ಮುನಿಸಿಕೊಂಡು ಬಿಟ್ಟು ಹೋಗುತ್ತೆ. ಮೇಲೊಂದು ಕುಕ್ಕೆ ಕವುಚಿ. ಗಾಳಿ ಆಡಬೇಕು. ಬೆಳಿಗ್ಗೆ ಆರಕ್ಕೆ ಅಲ್ಲ, ಬಿಸಿಲು ಬಂದು ಹನ್ನೊಂದಕ್ಕೆ ಕುಕ್ಕೆ ಎತ್ತಿ, ಪಕ್ಕದಲ್ಲೇ ಜೋಳದ ನುಚ್ಚು, ರಾಗಿ, ಉಗುರುಬೆಚ್ಚಗಿನ ನೀರು ಇಡಿ. ಅಷ್ಟೇ ಕೆಲಸ.

ಬಚ್ಚಲ ಒಲೆ ಬೇಡ. ಹೊಗೆ ಒಂದು, ಮತ್ತೆ ಬೆಳಿಗ್ಗೆ ಕೆಂಡ, ರಾತ್ರಿ ಬೂದಿ, ಒಂದೇ ಸಮ ಇರಲ್ಲ. ನಿಮ್ಮತ್ತೆಗೆ ನಾನು ಹೇಳಿದೆ ಅನ್ಬೇಡಿ ಮತ್ತೆ.

ಕಡೂರು_ಕೋಳಿಮನೆ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಈಗಲೇ ಟಾರ್ಚಿಗೆ ಹಿಡಿದು ನೋಡಿ ಮೇಡಂ. ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ಕಡೆ ಟಾರ್ಚ್ ಒತ್ತಿ. ಜೇಡರ ಬಲೆ ಥರ ಕೆಂಪು ನರ, ನಡುವೆ ಕಪ್ಪು ಚುಕ್ಕೆ ಕಂಡರೆ ಜೀವ ಇದೆ. ಬರೀ ಹಳದಿ ಬೆಳಕು ಹಾಯ್ದುಹೋದರೆ ಗೊಡ್ಡು. ಸುತ್ತ ರಕ್ತದ ಉಂಗುರ ಮಾತ್ರ ಇದ್ದರೆ ಸತ್ತಿದೆ. ಅಂಗಡಿ ಮೊಟ್ಟೆ ಮೇಲೆ ನನಗೆ ನಂಬಿಕೆ ಇಲ್ಲ, ಹುಂಜ ಕಾಣದ ಕೋಳಿದೂ ಆಗಿರಬಹುದು, ಫ್ರಿಜ್ಜಲ್ಲಿ ಇಟ್ಟಿದ್ದೂ ಆಗಿರಬಹುದು. ಕಂದು ಬಣ್ಣ ಇದ್ದರೆ ನಾಟಿ ಅಂತ ಮಾರ್ತಾರೆ.

ನಾವು ಬೆಂಗಳೂರು ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಗಿರಿರಾಜ ತಳಿ ಕೋಳಿ ಮೊಟ್ಟೆಯನ್ನೂ ನಾಟಿ ಹೇಟೆ ಕೆಳಗೇ ಇಡ್ತೀವಿ, ಅವು ತಾವಾಗಿ ಕಾವು ಕೂರೋದು ಅಪರೂಪ. ಮೊಟ್ಟೆ ದಪ್ಪ, ಹಾಗಾಗಿ ಇನ್ನೂ ಕಡಿಮೆ ಲೆಕ್ಕ.

18ನೇ ದಿನದಿಂದ ಮುಟ್ಟಬೇಡಿ. ಬಲ್ಬ್ ಬೇಕಾಗೋದು ಮರಿ ಆದ ಮೇಲೆ, ಅದೂ ತಾಯಿ ಇಲ್ಲದ ಮರಿಗೆ. ಆಗ ಮೊದಲ ವಾರ 33ರಿಂದ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಡಿಮೆ. ಒಣ ಹುಲ್ಲಿನ ಮೇಲೆ ಬಲ್ಬ್ ತೂಗಿಬಿಟ್ಟು ಮಲಗಬೇಡಿ, ನಮ್ಮ ಪಕ್ಕದ ಮನೇಲಿ ಹಾಗೇ ಕೊಟ್ಟಿಗೆ ಸುಟ್ಟುಹೋಯ್ತು. 5ರಿಂದ 7ನೇ ದಿನದೊಳಗೆ ಕೊಕ್ಕರೆ ರೋಗಕ್ಕೆ ಲಸೋಟಾ ಲಸಿಕೆ, ಕಣ್ಣಿಗೆ ಒಂದು ಹನಿ. ಸೀಸೆ ಒಡೆದು ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅದಕ್ಕೆ ಅಕ್ಕಪಕ್ಕದವರ ಜೊತೆ ಸೇರಿ ತನ್ನಿ.

ಮೂಡಿಗೆರೆ_ತೋಟದಮನೆ:
ರಾತ್ರಿ ಟಾರ್ಚ್ ಹಿಡಿದೆ. ನಮ್ಮ ಎಂಟರಲ್ಲೂ ನರ ಇದೆ! ಒಂದರಲ್ಲಿ ಚುಕ್ಕೆ ಸ್ವಲ್ಪ ಅಲ್ಲಾಡಿದ್ದೂ ಕಂಡಿತು. ಅಂಗಡಿ ಮೂರೂ ಗೊಡ್ಡು, ತೆಗೆದೆ. ಹೇನೂ ಇತ್ತು ಅಕ್ಕ, ನೀವು ಹೇಳಿದ ಜಾಗದಲ್ಲೇ. ಹುಲ್ಲು ಬದಲಾಯಿಸುವಾಗ ಕೈಗೆ ಎರಡು ಸಲ ಕುಟ್ಟಿಸಿಕೊಂಡೆ.

ಮೂಡಿಗೆರೆ_ತೋಟದಮನೆ:
ಮರಿ ಆಯ್ತು ಅಂತ ಹೇಳೋಕೆ ಬಂದೆ. 21ನೇ ದಿನಕ್ಕೆ ಐದು, ಮರುದಿನ ಎರಡು. ಒಂದು ಚಿಪ್ಪಲ್ಲೇ ಸತ್ತಿತ್ತು. ಏಳೂ ತಾಯಿ ಕೆಳಗೇ ಇವೆ, ಬಲ್ಬ್ ಬೇಕಾಗಲಿಲ್ಲ. ಬೆಳಿಗ್ಗೆ ಇಬ್ಬನಿ ಆರೋ ತನಕ ಹೊರಗೆ ಬಿಡ್ತಿಲ್ಲ. ಅತ್ತೆ ಬಚ್ಚಲಿಗೆ ಸೌದೆ ತರೋಕೆ ಹೋದರೆ ಹೇಟೆ ಅವರ ಕಾಲಿಗೆ ಹಾರ್ತಾಳೆ, ಈಗ ಸೌದೆ ತರೋ ಕೆಲಸವೂ ನಂದೇ ಆಗಿದೆ. ಕೀರದ (ಮುಂಗುಸಿ) ಕಾಟಕ್ಕೆ ಏನು ಮಾಡ್ತೀರಿ ಅಕ್ಕ? ನಿನ್ನೆ ಬೇಲಿ ಹತ್ತಿರ ಒಂದು ಓಡಾಡ್ತಿತ್ತು.

ಸಕಲೇಶಪುರದ_ಅಕ್ಕ:
ರಾತ್ರಿ ಕುಕ್ಕೆ ಮೇಲೆ ರುಬ್ಬೋ ಗುಂಡು ಇಡಿ. ಹಗಲಿಗೆ ನಿಮ್ಮ ಕಪ್ಪಿಯೇ ಸಾಕು ಅನ್ಸುತ್ತೆ.