ಅಜ್ಜನ ಸೈಕಲ್ಲಿನ ಫ್ರೀವೀಲ್ ಬಿಚ್ಚುವ ಬಗ್ಗೆ

ತಮ್ಮಾ, ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅಜ್ಜ ಕಾರವಾರದ ಬೈತಖೋಲ ಬಂದರಿನಿಂದ ಮೀನು ಹೇರಿಕೊಂಡು ಹೋಗುತ್ತಿದ್ದ ಸೈಕಲ್ಲಿನ ಹಿಂದಿನ ಚಕ್ರ ಅದು. ಪೆಡಲ್ ತುಳಿದರೆ ಚೈನ್ ಓಡುತ್ತದೆಯೇ ಹೊರತು ಚಕ್ರ ತಿರುಗುವುದಿಲ್ಲ, ಹೊಸ ಫ್ರೀವೀಲ್ (ಚೈನ್ ಕೂರುವ ಹಿಂದಿನ ಹಲ್ಲುಚಕ್ರ) ಹಾಕೋಣವೆಂದರೆ ಹಳೆಯದು ಹಬ್ (ಚಕ್ರದ ನಡುವಿನ ಗುಂಬ) ಬಿಟ್ಟು ಬರುವುದಿಲ್ಲ, ಆದ್ದರಿಂದ ತುಕ್ಕು ಹಿಡಿದ ಸ್ಪೋಕ್ ಕಡ್ಡಿಗಳನ್ನು ಕತ್ತರಿಸಿ ಹಬ್ ಒಂದನ್ನೇ ವೈಸಿಗೆ (ಬಿಗಿದು ಹಿಡಿಯುವ ಇಕ್ಕಳಕ್ಕೆ) ಕೊಡುತ್ತೇನೆ ಎಂದು ಬರೆದಿದ್ದೀಯ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ, ಮೊದಲು ಆ ಕಟಿಂಗ್ ಪ್ಲೇಯರ್ ಕೆಳಗಿಡು. ಕಡ್ಡಿಗಳನ್ನು ಹೇಗಿದ್ದರೂ ಬದಲಿಸುವುದೇ ಆದರೂ ಫ್ರೀವೀಲ್ ಬಿಚ್ಚುವ ತನಕ ಅವು ಇರಲೇಬೇಕು. 28 ಇಂಚಿನ ಚಕ್ರದಲ್ಲಿ ನಡುವಿನಿಂದ ರಿಮ್ಮಿನವರೆಗೆ ಒಂದಡಿಗೂ ಹೆಚ್ಚು ಉದ್ದವಿದೆ. ಅಷ್ಟು ಉದ್ದದ ಸನ್ನೆಕೋಲು ನಿನಗೆ ಎರಡೂ ಕೈಗೆ ಪುಕ್ಕಟೆಯಾಗಿ ಸಿಕ್ಕಿದೆ. ಕಡ್ಡಿ ಕತ್ತರಿಸಿದರೆ ಅಂಗೈ ಅಗಲದ ನುಣುಪಾದ ಹಬ್ ಮಾತ್ರ ಉಳಿಯುತ್ತದೆ, ಅದನ್ನು ಹಿಡಿದು ತಿರುಗಿಸಲು ಯಾರಿಂದಲೂ ಆಗದು.

ವಿಡಿಯೊದಲ್ಲಿ ನೀನು ಪೈಪ್ ಪಾನಾದಿಂದ ಹಲ್ಲುಗಳನ್ನು ಹಿಡಿದು ಎಡಕ್ಕೆ ತಿರುಗಿಸುತ್ತಿದ್ದೆ, ಅದು ಸುಮ್ಮನೆ ಸುತ್ತುತ್ತಿತ್ತು. ಅದು ಸುತ್ತಲೇಬೇಕು, ಏಕೆಂದರೆ ಫ್ರೀವೀಲ್ ಎಂಬುದು ಒಂದರೊಳಗೊಂದು ಕೂತ ಎರಡು ಭಾಗ. ಹಲ್ಲಿರುವ ಹೊರಬಳೆ ಹಿಮ್ಮುಖವಾಗಿ ಯಾವಾಗಲೂ ಸಡಿಲ. ಮುಂದಕ್ಕೆ ತುಳಿದಾಗ ಒಳಗಿನ ಪುಟ್ಟ ಕೊಕ್ಕೆಗಳು ಎದ್ದು ಕಚ್ಚಿದರೆ ಮಾತ್ರ ಎರಡೂ ಒಂದಾಗುತ್ತವೆ. ನಿನ್ನದರಲ್ಲಿ ಒಣಗಿದ ಗ್ರೀಸು ಮತ್ತು ತುಕ್ಕಿನಿಂದ ಕೊಕ್ಕೆಗಳು ಏಳುತ್ತಲೇ ಇಲ್ಲದಿರುವುದರಿಂದ ಮುಂದಕ್ಕೂ ಹಿಡಿತವಿಲ್ಲ. ಹಬ್‌ಗೆ ಮರೆಯಿಂದ, ಅಂದರೆ ಸ್ಕ್ರೂವಿನಂಥ ತಿರುಪಿನಿಂದ, ಕೂತಿರುವುದು ಒಳಭಾಗ, ತಿರುಗಿಸಬೇಕಾದದ್ದೂ ಅದನ್ನೇ. ಆ್ಯಕ್ಸಲ್ಲಿನ ಸುತ್ತ ಅದರ ಮುಖದಲ್ಲಿ ಹತಾರ ಕೂರುವ ಕಚ್ಚುಗಳಿರುತ್ತವೆ, ಕೆಲವದರಲ್ಲಿ ಎರಡು, ಕೆಲವದರಲ್ಲಿ ನಾಲ್ಕು. ನಿನ್ನದರಲ್ಲಿ ಎರಡಿವೆ, ಕಪ್ಪು ಜಿಡ್ಡು ತುಂಬಿಕೊಂಡಿರುವುದರಿಂದ ನಿನಗೆ ಕಂಡಿಲ್ಲ. ಹಳೆಯ ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು ಬುಡದ ತನಕ ಸ್ವಚ್ಛ ಮಾಡು.

ಇದು ಇಷ್ಟು ಬಿಗಿಯಾಗಲು ತುಕ್ಕೊಂದೇ ಕಾರಣವಲ್ಲ. ಆ ಮರೆ ಮಾಮೂಲಿ ಬಲಮರೆ (ಬಲಕ್ಕೆ ತಿರುಗಿಸಿದರೆ ಬಿಗಿಯುವುದು), ಅಡ್ಡಳತೆ ಸುಮಾರು 1.37 ಇಂಚು, ಇಂಚಿಗೆ 24 ಎಳೆ. ನಾವು ಪೆಡಲ್ ತುಳಿಯುವ ಬಲವೂ ಅದೇ ದಿಕ್ಕಿನಲ್ಲಿ ಬೀಳುವುದರಿಂದ, ಅಜ್ಜ ಬುಟ್ಟಿ ಹೇರಿಕೊಂಡು ಏರು ಹತ್ತಿದಾಗಲೆಲ್ಲ ಅದು ಇನ್ನಷ್ಟು ಬಿಗಿದಿದೆ. ಅದರ ಮೇಲೆ ಕ್ಯಾರಿಯರಿನ ಬುಟ್ಟಿಯಿಂದ ಸೋರಿದ ಉಪ್ಪುನೀರು ನೇರವಾಗಿ ಆ ಹಬ್ ಮೇಲೆಯೇ ಇಳಿದಿದೆ. ಕಾರವಾರದ ಗಾಳಿಗೆ ಗೇಟಿನ ಚಿಲಕವೇ ಉಳಿಯುವುದಿಲ್ಲ, ಇನ್ನು ಇದರ ಕಥೆ ಕೇಳಬೇಕೆ.

ಅಂಕೋಲೆಯ ಭಾವನವರು ಚಾಣ ಇಟ್ಟು ಸುತ್ತಿಗೆಯಿಂದ ಹೊಡೆ, ಬಾರದಿದ್ದರೆ ಗ್ಯಾಸಿನ ಬೆಂಕಿ ತೋರಿಸು ಎಂದಿದ್ದಾರೆ. ಭಾವ, ತಪ್ಪು ತಿಳಿಯಬೇಡಿ, ಚಾಣಕ್ಕೆ ಬರುವುದೂ ಉಂಟು; ಆದರೆ ಬಾರದೆ ಹೋದರೆ ಕಚ್ಚಿನ ಅಂಚು ಮುರಿದು, ಮುಂದೆ ಸರಿಯಾದ ಹತಾರ ತಂದರೂ ಕೂರಲು ಜಾಗವಿರುವುದಿಲ್ಲ. ಮುಂದೆ ಹೇಳುವಂತೆ ಸೀಮೆಎಣ್ಣೆ ಕುಡಿದ ಕಬ್ಬಿಣಕ್ಕೆ ಬೆಂಕಿಯಂತೂ ಬೇಡವೇ ಬೇಡ. ಬಿಸಿ ಬೇಕೆನಿಸಿದರೆ ಫ್ರೀವೀಲಿನ ಮೇಲೆ ಕುದಿನೀರು ಹೊಯ್ಯಿ, ಸಾಕು.

ಈಗ ಮಾಡಬೇಕಾದದ್ದು. ಚಕ್ರವನ್ನು ಫ್ರೀವೀಲ್ ಕೆಳಮುಖವಾಗುವಂತೆ ಮಲಗಿಸಿ, ಹಬ್ ಮತ್ತು ಫ್ರೀವೀಲಿನ ಸಂದಿಯಲ್ಲಿ ಸೀಮೆಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಬಿಟ್ಟು ಒಂದು ರಾತ್ರಿ ಇಡು. ಮೇಲಿನಿಂದ ಬಿಟ್ಟ ಎಣ್ಣೆ ಮರೆಯೊಳಕ್ಕೆ ತಾನೇ ಇಳಿಯುತ್ತದೆ. ಸೈಕಲ್ ಅಂಗಡಿಯಲ್ಲಿ ಫ್ರೀವೀಲ್ ರಿಮೂವರ್ (ಕಚ್ಚಿನಲ್ಲಿ ಕೂತು ಅದನ್ನು ಬಿಚ್ಚುವ ಹತಾರ) ಕೇಳುವಾಗ ಎರಡು ಕಚ್ಚಿನದು ಎಂದು ಹೇಳು, ಸಾಧ್ಯವಾದರೆ ಚಕ್ರವನ್ನೇ ಒಯ್ದು ಕೂರಿಸಿ ನೋಡು. ಆ್ಯಕ್ಸಲ್ಲಿನ ನಟ್ಟು, ವಾಷರ್ ತೆಗೆದು ರಿಮೂವರನ್ನು ಕಚ್ಚಿನಲ್ಲಿ ಪೂರ್ತಿ ಕೂರಿಸಿದ ಮೇಲೆ ಅದೇ ನಟ್ಟನ್ನು ಮೇಲಿನಿಂದ ಹಾಕಿ ಒತ್ತಿ ನಿಲ್ಲಿಸಬೇಕು. ಹೆಚ್ಚಿನವರು ಬಿಡುವ ಹೆಜ್ಜೆ ಇದು, ಕಚ್ಚು ಹಾಳಾಗುವುದೂ ಇಲ್ಲಿಯೇ. ರಿಮೂವರ್ ಒಂದು ಕೂದಲೆಳೆಯಷ್ಟು ಎದ್ದರೂ ಜಾರಿ ಅಂಚನ್ನು ಕಿತ್ತುಬಿಡುತ್ತದೆ.

ಆಮೇಲೆ ಪೇಟೆಯ ಯಾವುದಾದರೂ ಲೇತ್ ಅಂಗಡಿಗೆ ಹೋಗಿ, ಮೇಜಿಗೆ ಬೋಲ್ಟ್ ಹಾಕಿದ ದೊಡ್ಡ ವೈಸಿನಲ್ಲಿ ಸ್ವಲ್ಪ ಹೊತ್ತು ಕೆಲಸ ಮಾಡಲು ಕೇಳಿಕೊ. ರಿಮೂವರನ್ನು ವೈಸಿನ ಬಾಯಿಯಲ್ಲಿ ಕಚ್ಚಿಸಿ, ಚಕ್ರ ಮೇಲೆ ಅಡ್ಡಲಾಗಿ ನಿಂತ ಮೇಲೆ, ಎದುರುಬದುರಾಗಿ ರಿಮ್ ಹಿಡಿದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸು. ಜಗ್ಗಿ ಜಗ್ಗಿ ಹೊಡೆಯದೆ, ಮೈಭಾರ ಹಾಕಿ ಒಂದೇ ಸಮನೆ ಒತ್ತಡ ಏರಿಸುತ್ತಾ ಹೋಗು. ಬಿಡುವಾಗ ಕಡ್ಡಿ ಮುರಿದಂತೆ ಟಕ್ ಎಂದು ಜೋರಾಗಿ ಸದ್ದಾಗುತ್ತದೆ, ಹೆದರಬೇಡ. ಸದ್ದು ಬಂದ ಕೂಡಲೇ ನಿಲ್ಲಿಸಿ ನಟ್ಟನ್ನು ತೆಗೆದುಬಿಡು. ಹಾಗೆಯೇ ತಿರುಗಿಸಿದರೆ ಮೇಲೇಳುವ ಫ್ರೀವೀಲ್ ನಟ್ಟಿಗೆ ಒತ್ತಿಕೊಂಡು ಆ್ಯಕ್ಸಲ್ಲಿನ ಮರೆಯನ್ನು ಹಾಳು ಮಾಡುತ್ತದೆ.

ಕಚ್ಚು ಮುರಿದೇ ಹೋದರೂ ಇನ್ನೊಂದು ದಾರಿಯಿದೆ, ಆದರೆ ಫ್ರೀವೀಲಿನ ಆಸೆ ಬಿಡಬೇಕು. ಅದರ ಮುಖದ ಮೇಲೆ ಎರಡು ಸಣ್ಣ ತೂತುಗಳಿರುವ ಮುಚ್ಚಳದ ಬಳೆಯಿದೆ. ಅದು ಎಡಮರೆ, ಆದ್ದರಿಂದ ತೂತಿನಲ್ಲಿ ಪಂಚ್ ಇಟ್ಟು ಗಡಿಯಾರದ ಮುಳ್ಳಿನ ದಿಕ್ಕಿಗೇ ಹೊಡೆದರೆ ಬಿಚ್ಚುತ್ತದೆ. ಹೊರಬಳೆ ಕಳಚಿದಾಗ ಕೊತ್ತಂಬರಿ ಕಾಳಿನಂಥ ಗುಂಡುಗಳು ನೆಲದ ತುಂಬ ಹರಡುತ್ತವೆ, ಕೆಳಗೊಂದು ಗೋಣಿ ಹಾಸಿಕೊ. ಉಳಿದ ಒಳಭಾಗವನ್ನು ನೇರವಾಗಿ ವೈಸಿನಲ್ಲಿ ಬಿಗಿದು ಚಕ್ರವನ್ನು ಮೊದಲಿನಂತೆಯೇ ತಿರುಗಿಸು. ಇಲ್ಲಿಯೂ ಕಡ್ಡಿಗಳಿದ್ದರೇ ಕೆಲಸ.

ಹೊಸದನ್ನು ಹಾಕುವ ಮೊದಲು ಹಬ್‌ನ ಮರೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಧಾರಾಳವಾಗಿ ಗ್ರೀಸ್ ಸವರು. ಮೊದಲ ಸುತ್ತುಗಳನ್ನು ಕೈಯಿಂದಲೇ ಹಾಕು. ಎಳೆ ಸಣ್ಣದಾದ್ದರಿಂದ ಓರೆಯಾಗಿ ಹತ್ತಿದರೆ ಹಬ್ ಹೋದಂತೆಯೇ. ಪಾನಾದಿಂದ ಬಿಗಿಯುವುದು ಬೇಡ, ನಾಲ್ಕು ಸಲ ತುಳಿದರೆ ತಾನೇ ಬಿಗಿಯುತ್ತದೆ. ಅಂಗಡಿಗೆ ಹೋಗುವ ಮೊದಲು ಹಳೆಯದರ ಹಲ್ಲುಗಳನ್ನು ಎಣಿಸಿಕೊ. ಸಾಮಾನ್ಯವಾಗಿ 18 ಇರುತ್ತವೆ. ಬೇರೆ ಲೆಕ್ಕದ್ದು ತಂದರೆ ಚೈನ್ ಮತ್ತೆ ಹೊಂದಿಸಬೇಕಾಗುತ್ತದೆ.